ಕರುಳಿನ ಕೊನೆಗದ್ದೆ

ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಮೊದಲು ಅದರ ವಿಳಾಸ ಕೇಳಬೇಕು. ದೊಡ್ಡೇರಿ ಸೀಮೆಯ ಕುರಿ, ಕೆರೆ, ಮುದ್ದೆಗಳ ಜೊತೆ ಕರುಳಿನ ಭೂಗೋಳದಲ್ಲೊಂದು ಸುತ್ತು.

ಯುಗಾದಿಯ ಮಾರನೆಯ ದಿನ ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಸೀಮೆಯಲ್ಲಿ ಹೊಸತೊಡಕು. ಹಿಂದಿನ ದಿನ ಹೋಳಿಗೆ ಉಂಡ ಬಾಯಿಗೆ ಅಂದು ಬಾಡೂಟ. ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ತಂದು, ಇನ್ನೂ ಕತ್ತಲಿರುವಾಗಲೇ ಕೊಯ್ದು, ಮರದಡಿ ಹಾಸಿದ ಸೊಪ್ಪಿನ ಮೇಲೆ ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಾರೆ. ಒಂದು ಗುಡ್ಡೆಗೂ ಇನ್ನೊಂದಕ್ಕೂ ಚೂರು ಹೆಚ್ಚುಕಮ್ಮಿ ಆಗಕೂಡದು. ತಲೆ, ಕಾಲು, ಬೋಟಿಯ ಲೆಕ್ಕ ಮಾತ್ರ ಬೇರೆ. ಬೋಟಿ ಬೇಕೆಂದವರು ಅದನ್ನು ತೊಳೆಯುವ ತಾಳ್ಮೆಯನ್ನೂ ಜೊತೆಗೇ ಒಯ್ಯಬೇಕು.

ಬೋಟಿ ತೊಳೆದ ಕೈಗೆ ಕರುಳಿನ ಭೂಗೋಳ ಪುಸ್ತಕವಿಲ್ಲದೆ ಗೊತ್ತು. ಮೊದಲು ದೊಡ್ಡ ಚೀಲ. ಒಳಗೆ ಅರೆದ ಹುಲ್ಲಿನ ಹಸಿರು ಗೊಬ್ಬರ, ಹುಳಿ ನಾತ, ಟವೆಲಿನಂಥ ಒಳಮೈ. ಅದಕ್ಕಂಟಿ ಜೇನುಹಟ್ಟಿಯಂಥ ಸಣ್ಣ ಚೀಲ, ಆಮೇಲೆ ಪುಸ್ತಕದ ಹಾಳೆಯಂತೆ ಪದರ ಪದರವಾದ ಮೂರನೆಯದು, ಕೊನೆಗೆ ನುಣುಪಾದ ನಾಲ್ಕನೆಯದು. ಅಲ್ಲಿಂದ ಮುಂದೆ ಇಪ್ಪತ್ತು ಮೀಟರಿನಷ್ಟು ಸಣ್ಣ ಕರುಳು. ಒಳಗೆ ಪಿತ್ತ ಬೆರೆತ ತೆಳ್ಳನೆಯ ಹಳದಿ ರಸ. ಅದು ಮುಗಿದ ಮೇಲೆ ದೊಡ್ಡ ಕರುಳು ಚಕ್ಕುಲಿ ಒತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ಆ ಸುತ್ತಿನ ಕೊನೆಯಲ್ಲಿ ಹಿಕ್ಕೆಗಳು ಮಣಿ ಪೋಣಿಸಿದಂತೆ ಸಾಲುಗಟ್ಟಿರುತ್ತವೆ. ಬಣ್ಣ, ನಾತ, ತೇವ ಎಲ್ಲವೂ ಗೇಣು ಗೇಣಿಗೂ ಬೇರೆ. ಬೇರೆಯಾಗಿರುವುದಕ್ಕೆ ಒಂದು ಮುಖ್ಯ ಕಾರಣ ಕಣ್ಣಿಗೆ ಕಾಣದ್ದು. ಒಂದೊಂದು ಜಾಗದಲ್ಲಿ ಒಂದೊಂದು ಬಗೆಯ ಬ್ಯಾಕ್ಟೀರಿಯಾಗಳು ವಾಸವಾಗಿವೆ.

ಈಗ ಮನುಷ್ಯನ ಹೊಟ್ಟೆಯ ಬ್ಯಾಕ್ಟೀರಿಯಾಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮೊಸರಿನ ಜಾಹೀರಾತಿನಲ್ಲಿ ಅವು ‘ಒಳ್ಳೆಯ ಬ್ಯಾಕ್ಟೀರಿಯಾ’ ಆಗಿ ಬರುತ್ತವೆ, ಮಾತ್ರೆಯಾಗಿ ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಈ ಮಾತಿನಲ್ಲೆಲ್ಲ ಹೊಟ್ಟೆ ಎಂದರೆ ಒಂದೇ ಚೀಲ. ಬೋಟಿ ತೊಳೆದವರು ಈ ತಪ್ಪು ಮಾಡಲಾರರು.

ಹಳ್ಳ ಮತ್ತು ಕೆರೆ

ದೊಡ್ಡೇರಿ ಎಂಬ ಹೆಸರಿನಲ್ಲೇ ಏರಿ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲಿನಲ್ಲಿ ಮಳೆಯನ್ನು ನಂಬಿ ಕೂರುವಂತಿಲ್ಲವಾದ್ದರಿಂದ ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ನೀರು ನಿಲ್ಲಿಸಿದರು. ಹರಿಯುವ ಹಳ್ಳದಲ್ಲಿ ಪಾಚಿ ಕಟ್ಟುವುದಿಲ್ಲ, ಕಲ್ಲಿಗೆ ಅಂಟಿಕೊಂಡದ್ದಷ್ಟೇ ಉಳಿಯುತ್ತದೆ. ನಿಂತ ಕೆರೆಯಲ್ಲಿ ಜೊಂಡು, ತಾವರೆ, ಮೀನು, ಕಪ್ಪೆ, ತಳದ ಕೆಸರಿನಲ್ಲಿ ಗುಳುಗುಳು ಎನ್ನುವ ಗಾಳಿ. ನೀರು ಒಂದೇ ಆದರೂ ಹರಿವಿನ ವೇಗ ಬದಲಾದರೆ ಅಲ್ಲಿ ಬಾಳುವವರೇ ಬದಲಾಗುತ್ತಾರೆ.

ಮನುಷ್ಯನ ಕರುಳಿನ ಮೊದಲ ನಿಯಮವೂ ಇದೇ. ಸಣ್ಣ ಕರುಳು ಹಳ್ಳ. ಜಠರದಿಂದ ಇಳಿದ ಊಟ ಅದರ ಅಷ್ಟೂ ಉದ್ದವನ್ನು ಮೂರರಿಂದ ಐದು ಗಂಟೆಯಲ್ಲಿ ದಾಟಿಬಿಡುತ್ತದೆ. ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಬೇರೂರುವ ಮೊದಲೇ ಪ್ರವಾಹ ಅದನ್ನು ಕೆಳಕ್ಕೆ ನೂಕಿರುತ್ತದೆ. ಹತ್ತಿರ ಹತ್ತಿರ ಒಂದೂವರೆ ಮೀಟರಿನ ದೊಡ್ಡ ಕರುಳು ಕೆರೆ. ಅಲ್ಲಿ ಊಟದ ಉಳಿಕೆ ಒಂದು ದಿನವೋ ಅದಕ್ಕಿಂತ ಹೆಚ್ಚೋ ತಂಗುತ್ತದೆ.

ಲೆಕ್ಕದಲ್ಲಿ ಹೇಳುವುದಾದರೆ, ಜಠರದ ಆಮ್ಲದಲ್ಲಿ ಬದುಕಿರುವ ಬ್ಯಾಕ್ಟೀರಿಯಾಗಳು ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ ಸಾವಿರವನ್ನೂ ದಾಟುವುದಿಲ್ಲ. ಸಣ್ಣ ಕರುಳಿನ ಮೊದಲ ತುಂಡಾದ ಡ್ಯುಯೊಡಿನಮ್‌ನಲ್ಲಿ ಸಾವಿರದಿಂದ ಹತ್ತು ಸಾವಿರ. ಅದರ ಕೊನೆಯ ತುಂಡು ಇಲಿಯಮ್ ಮುಗಿಯುವಲ್ಲಿ ಕೋಟಿಯಿಂದ ಹತ್ತು ಕೋಟಿ. ಕವಾಟ ದಾಟಿ ದೊಡ್ಡ ಕರುಳಿಗೆ ಬಂದರೆ ಗ್ರಾಮಿಗೆ ಹತ್ತು ಸಾವಿರ ಕೋಟಿ! 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಸೆಂಡರ್, ಶಾಯ್ ಫುಕ್ಸ್ ಮತ್ತು ರಾನ್ ಮಿಲೊ ಮನುಷ್ಯನ ಮೈಯಲ್ಲಿ ಒಟ್ಟು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜು ಮಾಡಿದರು. ತೂಗಿದರೆ ಕಾಲು ಕಿಲೋ ಕೂಡ ಆಗದ ಈ ಜನಸಂಖ್ಯೆಯ ಬಹುಪಾಲು ಆ ಒಂದೂವರೆ ಮೀಟರಿನಲ್ಲೇ ಇದೆ.

ಹರಿವಿನ ಜೊತೆಗೆ ಇನ್ನೂ ಮೂವರು ಕಾವಲುಗಾರರಿದ್ದಾರೆ. ಮೊದಲನೆಯದು ಆಮ್ಲ. ಜಠರದಲ್ಲಿ ಯಾವ ಜೀವಿಯೂ ನೆಲೆಸಲಾರದು ಎಂದು ವೈದ್ಯರು ಬಹುಕಾಲ ನಂಬಿದ್ದರು. 1980ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಹೆಲಿಕೊಬ್ಯಾಕ್ಟರ್ ಪೈಲೊರಿಯನ್ನು ಅಲ್ಲೇ ಪತ್ತೆ ಮಾಡಿದರು. ಲೋಳೆಯ ಪದರದಲ್ಲಿ ಅಡಗಿ, ತನ್ನ ಸುತ್ತಲಿನ ಆಮ್ಲವನ್ನು ತಾನೇ ತಣಿಸಿಕೊಂಡು ಬಾಳುವ ಜಾಣ ಜೀವಿ ಅದು. ಜಠರದ ಹುಣ್ಣಿಗೆ ಅದೇ ಕಾರಣವೆಂದು ತೋರಿಸಿದ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಎರಡನೆಯದು ಪಿತ್ತರಸ. ಕೊಬ್ಬನ್ನು ಒಡೆಯುವ ಈ ಸೋಪಿನಂಥ ದ್ರವ ಬ್ಯಾಕ್ಟೀರಿಯಾದ ಪೊರೆಯನ್ನೂ ಬಿಡುವುದಿಲ್ಲ. ಅದನ್ನು ತಾಳಬಲ್ಲವರಿಗಷ್ಟೇ ಸಣ್ಣ ಕರುಳಿನಲ್ಲಿ ಜಾಗ. ಮೂರನೆಯದು ಆಮ್ಲಜನಕ. ಮೇಲಿನ ಕರುಳಿನಲ್ಲಿ ಅದು ಅಷ್ಟಿಷ್ಟು ಉಂಟು, ದೊಡ್ಡ ಕರುಳಿನ ಒಡಲಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಹೀಗಾಗಿ ಸಣ್ಣ ಕರುಳಿನಲ್ಲಿ ಸಿಗುವವರು ಸ್ಟ್ರೆಪ್ಟೊಕಾಕಸ್, ಲ್ಯಾಕ್ಟೊಬ್ಯಾಸಿಲಸ್‌ನಂಥ ಚುರುಕು ಜೀವಿಗಳು. ಗಾಳಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಕ್ಕರೆ ಕಂಡೊಡನೆ ಬಾಚಿಕೊಂಡು ಮುಂದೆ ಸಾಗುತ್ತಾರೆ. ದೊಡ್ಡ ಕರುಳಿನವರು ಬ್ಯಾಕ್ಟೆರಾಯ್ಡಿಸ್, ಪ್ರಿವೊಟೆಲ್ಲಾ, ಫೀಕಲಿಬ್ಯಾಕ್ಟೀರಿಯಂ ಮುಂತಾದ ನಿಧಾನಸ್ಥರು. ಗಾಳಿ ಸೋಕಿದರೆ ಸಾಯುವ, ಆದರೆ ನಮ್ಮಿಂದ ಅರಗದ ನಾರನ್ನು ಕೂತು ಬಿಡಿಸಬಲ್ಲ ನೇಕಾರರು.

ಈ ಕೆರೆಯ ಮೂಲೆಯಲ್ಲಿ ಜೋತುಬಿದ್ದಿರುವ ಅಪೆಂಡಿಕ್ಸ್ ಕೆಲಸಕ್ಕೆ ಬಾರದ ಬಾಲವೆಂದೇ ಬಹಳ ಜನ ತಿಳಿದಿದ್ದರು. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೇರೊಂದು ವಿಚಾರ ಮುಂದಿಟ್ಟರು. ವಾಂತಿಭೇದಿಯ ಪ್ರವಾಹ ಕರುಳನ್ನೆಲ್ಲ ತೊಳೆದುಕೊಂಡು ಹೋದರೂ ಹರಿವಿನಿಂದ ಓರೆಯಾಗಿರುವ ಈ ಮೂಲೆಯಲ್ಲಿ ಒಂದಿಷ್ಟು ಬ್ಯಾಕ್ಟೀರಿಯಾ ಉಳಿದು, ಆಮೇಲೆ ಕೆರೆಯನ್ನು ಮತ್ತೆ ತುಂಬಬಲ್ಲವು ಎಂದು. ನಮ್ಮ ಕಡೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಬಹುದು. ಅದು ಬಿತ್ತನೆ ರಾಗಿಯ ಹಗೇವು.

ಕರುಳು ಬೇನೆ: ವಿಳಾಸ ತಪ್ಪಿದಾಗ

ಬ್ಯಾಕ್ಟೀರಿಯಾ ಯಾವುದು ಎನ್ನುವುದಕ್ಕಿಂತ ಅದು ಎಲ್ಲಿ, ಎಷ್ಟು ಇದೆ ಎನ್ನುವುದು ಹೆಚ್ಚು ಮುಖ್ಯ. ಈ ಪಾಠವನ್ನು ಗೊಲ್ಲರಹಟ್ಟಿಗಳಲ್ಲಿ, ಕುರುಬರ ಕೇರಿಗಳಲ್ಲಿ ಕುರಿ ಸಾಕುವವರು ಬೆಲೆ ತೆತ್ತು ಕಲಿತಿದ್ದಾರೆ.

ಬೇಸಿಗೆಯಿಡೀ ಒಣ ಕಡ್ಡಿ ಕಡಿದ ಮಂದೆ. ಮೊದಲ ಮಳೆ ಬಿದ್ದು ವಾರದೊಳಗೆ ಬೀಳು ಹಸಿರಾಗುತ್ತದೆ. ಎಳೆ ಗರಿಕೆಗೆ ಮುಗಿಬಿದ್ದ ಕುರಿಗಳು ಹೊಟ್ಟೆ ಬಿರಿಯುವಂತೆ ಮೇಯುತ್ತವೆ. ಮರುದಿನ ರೊಪ್ಪದ ಬಾಗಿಲು ತೆಗೆದರೆ ನಿನ್ನೆ ಕುಣಿದಾಡುತ್ತಿದ್ದ ಮರಿ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ. ಬಡಕಲು ಮರಿಗೇನೂ ಆಗಿರುವುದಿಲ್ಲ, ಮೈ ತುಂಬಿಕೊಂಡ ಮರಿಯೇ ಹೋಗಿರುತ್ತದೆ. ದೃಷ್ಟಿಯಾಯಿತು ಎನ್ನುವವರೂ ಉಂಟು. ಪಶುವೈದ್ಯರು ಇದನ್ನು ಕರುಳು ಬೇನೆ ಎನ್ನುತ್ತಾರೆ.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಡಿ ಎಂಬ ಇದರ ಬ್ಯಾಕ್ಟೀರಿಯಾ ಹೊರಗಿನ ಶತ್ರುವೇನಲ್ಲ. ಮಣ್ಣಿನಲ್ಲೂ ಇದೆ, ಆರೋಗ್ಯವಂತ ಕುರಿಯ ಕರುಳಿನಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇದೆ. ಹಳ್ಳದ ಹರಿವು ಅದನ್ನು ಹದ್ದಿನಲ್ಲಿಟ್ಟಿರುತ್ತದೆ. ದೊಡ್ಡ ಚೀಲದಲ್ಲಿ ಹುಳಿಯಬೇಕಾದ ಹಿಟ್ಟು, ಸಕ್ಕರೆ ಒಮ್ಮೆಲೇ ವಿಪರೀತವಾದರೆ ಅರಗದೆ ಸಣ್ಣ ಕರುಳಿಗೆ ಜಾರುತ್ತವೆ. ಅಲ್ಲಿ ಈ ಬ್ಯಾಕ್ಟೀರಿಯಾಕ್ಕೆ ಎಂದೂ ಕಾಣದ ಹಬ್ಬ! ಅದು ಕೋಟಿಗಟ್ಟಲೆ ಬೆಳೆದು ಎಪ್ಸಿಲಾನ್ ಎಂಬ ವಿಷವನ್ನು ಸುರಿಸುತ್ತದೆ. ಸುರಿಸುವಾಗ ಆ ವಿಷಕ್ಕೆ ಹಲ್ಲಿರುವುದಿಲ್ಲ. ಅದನ್ನು ಕತ್ತರಿಸಿ ಚೂಪು ಮಾಡುವುದು ಕುರಿಯದೇ ಜೀರ್ಣರಸದಲ್ಲಿರುವ ಟ್ರಿಪ್ಸಿನ್. ವಿಷ ಕರುಳಿನ ಗೋಡೆಯನ್ನು ಸಡಿಲಿಸಿ ರಕ್ತಕ್ಕೆ ಇಳಿದು ಮಿದುಳು, ಮೂತ್ರಪಿಂಡಗಳನ್ನು ಮುಟ್ಟುತ್ತದೆ. ಸತ್ತ ಮರಿಯನ್ನು ಕೊಯ್ದರೆ ಮೂತ್ರಪಿಂಡ ಮೆತ್ತಗೆ ಕೊಳೆತ ಹಣ್ಣಿನಂತಾಗಿರುತ್ತದೆ.

ಬೇನೆ ಬಿದ್ದ ಮೇಲೆ ಮದ್ದಿಗೆ ಸಮಯವೇ ಇರುವುದಿಲ್ಲ, ತಡೆಯುವುದೊಂದೇ ದಾರಿ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದಕ್ಕೆ ಲಸಿಕೆ ತಯಾರಿಸುತ್ತದೆ. ಮುಂಗಾರು ಕಾಲಿಡುವ ಮೊದಲೇ ಹಾಕಿಸಬೇಕು. ಅನುಭವಸ್ಥ ಕುರಿಗಾಹಿ ಇನ್ನೊಂದು ಉಪಾಯವನ್ನೂ ಮಾಡುತ್ತಾನೆ. ಹಸಿದ ಮಂದೆಯನ್ನು ಎಳೆ ಹುಲ್ಲಿಗೆ ಒಮ್ಮೆಲೇ ಬಿಡದೆ, ಒಂದಿಷ್ಟು ಒಣಮೇವು ಹಾಕಿ, ದಿನಕ್ಕಿಷ್ಟು ಹೊತ್ತು ಎಂದು ಅಭ್ಯಾಸ ಮಾಡಿಸುತ್ತಾನೆ. ಕರುಳಿನ ಊರುಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಅವನು ಕೊಡುವ ಗಡುವು ಅದು.

ಮುಂದಿನ ಕಾರ್ಖಾನೆ, ಹಿಂದಿನ ಕಾರ್ಖಾನೆ

ಕುರಿ ಹುಲ್ಲು ತಿಂದು ಬದುಕುತ್ತದೆ ಎನ್ನುವುದು ಅರ್ಧ ನಿಜ. ಅದು ಹುಲ್ಲನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸುತ್ತದೆ, ಆಮೇಲೆ ಆ ಬ್ಯಾಕ್ಟೀರಿಯಾಗಳನ್ನೇ ತಾನು ತಿನ್ನುತ್ತದೆ. ಮೊದಲ ಚೀಲದಲ್ಲಿ ಹುಲ್ಲನ್ನು ಕೊಳೆಸಿ ಬೆಳೆದ ಜೀವಿಗಳು ನಾಲ್ಕನೆಯ ಚೀಲದ ಆಮ್ಲಕ್ಕೆ ಬಿದ್ದು ಸಾಯುತ್ತವೆ, ಅವುಗಳ ಮೈಯ ಪ್ರೋಟೀನು ಮುಂದಿನ ಇಪ್ಪತ್ತು ಮೀಟರಿನಲ್ಲಿ ಕುರಿಯ ಮೈ ಸೇರುತ್ತದೆ. ಕಾರ್ಖಾನೆ ಮುಂದಿದೆ, ಸಂತೆ ಹಿಂದಿದೆ. ಹಾಗಾಗಿ ತಯಾರಾದ ಮಾಲೆಲ್ಲ ಸಂತೆಗೆ ಬರುತ್ತದೆ.

ಕುದುರೆ, ಕತ್ತೆ, ಮೊಲ, ಮನುಷ್ಯರಲ್ಲಿ ಇದು ತಿರುಗುಮುರುಗು. ಸಂತೆ ಮೊದಲು, ಕಾರ್ಖಾನೆ ಕೊನೆಗೆ. ಹುದುಗು ನಡೆಯುವುದು ದೊಡ್ಡ ಕರುಳಿನಲ್ಲಿ, ಹೀರುವ ಕೆಲಸ ಅಷ್ಟರಲ್ಲಾಗಲೇ ಮುಗಿದಿರುತ್ತದೆ. ಮೊಲ ಇದಕ್ಕೆ ಕಂಡುಕೊಂಡ ದಾರಿ ವಿಚಿತ್ರ. ತನ್ನದೇ ಮೆತ್ತನೆಯ ಒಂದು ಬಗೆಯ ಹಿಕ್ಕೆಯನ್ನು ಅದು ಮತ್ತೆ ತಿಂದು, ಕೆಳಗೆ ತಯಾರಾದದ್ದನ್ನು ಮೇಲಿನಿಂದ ಇನ್ನೊಮ್ಮೆ ಸಾಗಿಸುತ್ತದೆ.

ಮನುಷ್ಯನಿಗೆ ಈ ಸ್ಥಳದ ತೊಡಕು ಎದ್ದು ಕಾಣುವುದು ಬಿ12 ಜೀವಸತ್ವದಲ್ಲಿ. ರಕ್ತಕ್ಕೂ ನರಗಳಿಗೂ ಬೇಕಾದ ಇದನ್ನು ಗಿಡವಾಗಲಿ ಪ್ರಾಣಿಯಾಗಲಿ ತಯಾರಿಸಲಾರವು, ಬ್ಯಾಕ್ಟೀರಿಯಾಗಳಷ್ಟೇ ಬಲ್ಲವು. ಕುರಿಗೆ ಮೇವಿನಲ್ಲಿ ಒಂದಿಷ್ಟು ಕೋಬಾಲ್ಟ್ ಸಿಕ್ಕರೆ ಸಾಕು, ಮುಂದಿನ ಚೀಲದವರು ಬಿ12 ಮಾಡಿಕೊಡುತ್ತಾರೆ. ನಮ್ಮ ದೊಡ್ಡ ಕರುಳಿನವರೂ ಮಾಡುತ್ತಾರೆ. ಆದರೆ ಅದನ್ನು ಹೀರುವ ಬಾಗಿಲಿರುವುದು ಅದಕ್ಕೂ ಮೇಲೆ, ಇಲಿಯಮ್‌ನ ತುದಿಯಲ್ಲಿ. ನಿಲ್ದಾಣ ದಾಟಿದ ಮೇಲೆ ಟಿಕೆಟ್ ಸಿಕ್ಕಂತೆ. ದಿನಕ್ಕೆ ಎರಡು ಮೈಕ್ರೋಗ್ರಾಮಿನ ಆಸುಪಾಸು ಬೇಕಾಗುವ ಇದಕ್ಕಾಗಿ ಹಾಲು, ಮೊಸರು, ಮೊಟ್ಟೆ, ಮಾಂಸವನ್ನು ಆಶ್ರಯಿಸಬೇಕಾದದ್ದು ಅದಕ್ಕೇ.

ಇಲ್ಲಿ ದಕ್ಷಿಣ ಭಾರತದ್ದೇ ಒಂದು ಕುತೂಹಲದ ಅಧ್ಯಾಯವಿದೆ. 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆ ಸಾಂಕ್ರಾಮಿಕದಂತೆ ಹಬ್ಬಿತು. ನಿಲ್ಲದ ಭೇದಿ, ತಿಂದದ್ದು ಮೈಗೆ ಹತ್ತದು, ರಕ್ತಹೀನತೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಾಥನ್ ಮತ್ತು ಸಂಗಡಿಗರು ಇದರ ಬೆನ್ನುಹತ್ತಿದರು. ಹೋಲಿಕೆಗೆಂದು ಆರೋಗ್ಯವಂತರ ಸಣ್ಣ ಕರುಳಿಗೂ ನಳಿಕೆ ಇಳಿಸಿ ರಸ ತೆಗೆದು ಪರೀಕ್ಷಿಸಿದರು. 1972ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ದಕ್ಷಿಣ ಭಾರತದ ಆರೋಗ್ಯವಂತರ ಸಣ್ಣ ಕರುಳಿನ ಮೇಲ್ಭಾಗದಲ್ಲೇ ಪಾಶ್ಚಾತ್ಯರಿಗಿಂತ ಹೆಚ್ಚು ಬ್ಯಾಕ್ಟೀರಿಯಾಗಳಿದ್ದವು. 1980ರಲ್ಲಿ ಆಲ್ಬರ್ಟ್, ಮಾಥನ್ ಮತ್ತು ಬೇಕರ್ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಸಂಗತಿ ಬರೆದರು. ಸಣ್ಣ ಕರುಳಿನಲ್ಲಿರುವ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಬಿ12 ತಯಾರಿಸಬಲ್ಲವು, ಅದೂ ಹೀರುವ ಬಾಗಿಲಿಗಿಂತ ಮೇಲಿನ ಜಾಗದಲ್ಲಿ!

ಹಾಗೆಂದು ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ಲಾಭವೆಂದಲ್ಲ. ಹರಿವು ನಿಧಾನಿಸಿ ಕೆರೆಯವರು ಹಳ್ಳಕ್ಕೆ ಬಂದು ಠಿಕಾಣಿ ಹೂಡಿದರೆ ಅವರು ನಮ್ಮ ಊಟವನ್ನು ನಮಗಿಂತ ಮೊದಲು ತಿನ್ನುತ್ತಾರೆ, ಬಿ12ಅನ್ನೂ ಕಬಳಿಸುತ್ತಾರೆ, ಪಿತ್ತವನ್ನು ಕೆಡಿಸಿ ಕೊಬ್ಬು ಅರಗದಂತೆ ಮಾಡುತ್ತಾರೆ. ಕೆಳಗೆ ಇದ್ದಾಗ ನಮ್ಮ ಕೆಲಸದಾಳುಗಳಾಗಿದ್ದವರೇ ಮೇಲೆ ಬಂದಾಗ ಕಾಯಿಲೆಯಾಗುತ್ತಾರೆ.

ಕೋಡಿ ನೀರು ನೋಡಿ ಕೆರೆ ಅಳೆದವರು

ಇಷ್ಟೆಲ್ಲ ಇದ್ದರೂ ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಲೋಕಕ್ಕೆ ಗೊತ್ತಿರುವುದರಲ್ಲಿ ಬಹುಪಾಲು ಮಲದ ಪರೀಕ್ಷೆಯಿಂದ ಬಂದದ್ದು. ಅದು ಸುಲಭವಾಗಿ ಸಿಗುತ್ತದೆ, ಕೊಡುವವರಿಗೆ ನೋವಿಲ್ಲ. ಭಾರತದ 14 ಕಡೆಗಳಿಂದ 1,004 ಜನರ ಮಾದರಿ ಪಡೆದು 2018ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೂ ಮಲದ್ದೇ. ನಮ್ಮವರಲ್ಲಿ ಪ್ರಿವೊಟೆಲ್ಲಾ ಹೆಚ್ಚು ಎಂಬಂಥ ಬೆಲೆಯುಳ್ಳ ಮಾಹಿತಿ ಅದರಿಂದ ಸಿಕ್ಕಿದೆ. ಆದರೆ ಕೋಡಿಯ ಮೇಲೆ ಹರಿದ ನೀರನ್ನು ನೋಡಿ ಕೆರೆಯ ತಳದಲ್ಲೇನಿದೆ, ಮೇಲಿನ ಹಳ್ಳದಲ್ಲೇನಿದೆ ಎಂದು ಎಷ್ಟು ಹೇಳಬಹುದು?

2005ರಲ್ಲಿ ಅಮೆರಿಕದ ಪಾಲ್ ಎಕ್‌ಬರ್ಗ್ ಮತ್ತು ಸಂಗಡಿಗರು ಮೂವರು ಆರೋಗ್ಯವಂತರ ದೊಡ್ಡ ಕರುಳಿನ ಆರು ಜಾಗಗಳ ಗೋಡೆಯಿಂದ ಚೂರು ತೆಗೆದು ಅವರದೇ ಮಲದೊಂದಿಗೆ ಹೋಲಿಸಿದರು. ಗೋಡೆಗೆ ಅಂಟಿ ಬಾಳುವವರೂ ಹೊರಗೆ ಬರುವವರೂ ಒಂದೇ ಆಗಿರಲಿಲ್ಲ. ವ್ಯಕ್ತಿಯಿಂದ ವ್ಯಕ್ತಿಗಂತೂ ಅಂತರ ಇನ್ನೂ ದೊಡ್ಡದಿತ್ತು.

ಸಣ್ಣ ಕರುಳು ಅದಕ್ಕಿಂತಲೂ ಕೈಗೆಟುಕದ ಜಾಗ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಸಂಗಡಿಗರ ತಂಡ ‘ನೇಚರ್’ನಲ್ಲಿ ಒಂದು ಉಪಾಯ ಪ್ರಕಟಿಸಿತು. ನುಂಗುವ ಗುಳಿಗೆಯೊಳಗೆ ಮಡಿಸಿಟ್ಟ ಪುಟ್ಟ ಚೀಲ. ಕರುಳಿನಲ್ಲಿ ಕೆಳಗಿಳಿದಂತೆ ಆಮ್ಲ ಕಡಿಮೆಯಾಗುತ್ತದೆ. ಗುಳಿಗೆಯ ಹೊದಿಕೆ ಆಯಾ ಮಟ್ಟಕ್ಕೆ ಕರಗುವಂತೆ ಮಾಡಿದರೆ ಒಂದು ಮೇಲೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಕೆಳಗೆ. ಬಿಚ್ಚಿದ ಕೂಡಲೇ ಚೀಲ ರಸ ಹೀರಿ ಬಾಯಿ ಮುಚ್ಚಿಕೊಳ್ಳುತ್ತದೆ. 15 ಆರೋಗ್ಯವಂತರು ಇವನ್ನು ನುಂಗಿ ತಮ್ಮ ಎಂದಿನ ಊಟ ಮಾಡಿಕೊಂಡೇ ಇದ್ದರು. ಸಿಕ್ಕ ರಸದಲ್ಲಿ ಬ್ಯಾಕ್ಟೀರಿಯಾ, ಪಿತ್ತದ ಅಂಶ, ಪ್ರೋಟೀನು ಎಲ್ಲವೂ ಮಲಕ್ಕಿಂತ ಬೇರೆಯೇ ಆಗಿದ್ದವು. ಮಲದ ಒಂದು ಪರೀಕ್ಷೆ ಮಾಡಿ ‘ನಿಮ್ಮ ಹೊಟ್ಟೆಯ ಆರೋಗ್ಯಕ್ಕೆ ಇಷ್ಟು ಅಂಕ’ ಎಂದು ಹೇಳುವವರು ಸಿಕ್ಕರೆ, ಯಾವ ಹೊಟ್ಟೆಯದ್ದು, ಎಲ್ಲಿಯದ್ದು ಎಂದು ಕೇಳಬೇಕಾದದ್ದು ಇದಕ್ಕೇ.

ಕೊನೆಯವರೆಗೆ ಹೋಗುವ ಊಟ

ಇನ್ನು ಏರಿಯ ಈಚೆ, ಅಚ್ಚುಕಟ್ಟಿಗೆ ಇಳಿಯೋಣ. ತೂಬು ಎತ್ತಿದಾಗ ಮೊದಲ ಗದ್ದೆಯವನಿಗೆ ನೀರಿನ ಚಿಂತೆಯಿಲ್ಲ. ಅವನು ಕಂಠಪೂರ್ತಿ ಹಾಯಿಸಿಕೊಂಡರೆ ಕೊನೆಗದ್ದೆ ಒಣಗುತ್ತದೆ. ಹಳ್ಳಿಗಳಲ್ಲಿ ನೀರುಗಂಟಿ ಎಂಬವನಿದ್ದದ್ದೇ ಕೊನೆಗದ್ದೆಗೂ ಪಾಲು ತಲುಪುವಂತೆ ನೋಡಿಕೊಳ್ಳಲು.

ಊಟವೂ ಹೀಗೇ ಹರಿಯುತ್ತದೆ. ಸಕ್ಕರೆ, ಮೈದಾ, ಪಾಲಿಶ್ ಮಾಡಿದ ಅಕ್ಕಿಯ ಅನ್ನ ಬಹುಪಾಲು ಸಣ್ಣ ಕರುಳಿನಲ್ಲೇ ಖರ್ಚಾಗುತ್ತವೆ. ದೊಡ್ಡ ಕರುಳಿಗೆ ಇಳಿಯುವುದು ನಾರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ ಉಂಡರೆ ಹೊಟ್ಟೆಯಲ್ಲಿ ನಿಲ್ಲುತ್ತದೆ ಎನ್ನುವ ನಮ್ಮ ಕಡೆಯ ಮಾತಿಗೆ ಒಂದು ಬಾಲಂಗೋಚಿ ಸೇರಿಸಬಹುದು: ನಿಂತು, ಕೊನೆಯವರೆಗೂ ಹೋಗುತ್ತದೆ.

ಹುರುಳಿ, ಅವರೆಯ ವಾಯುವಿನ ಗುಟ್ಟೂ ಇಲ್ಲೇ ಇದೆ. ಈ ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕತ್ತರಿ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಇಡಿಯಾಗಿ ಕೆರೆಗೆ ಬಿದ್ದ ಅವನ್ನು ಅಲ್ಲಿಯವರು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುತ್ತಾರೆ. ಕಾಳು ನೆನೆಹಾಕಿದ ನೀರನ್ನು ಚೆಲ್ಲಿದರೆ, ಮೊಳಕೆ ಕಟ್ಟಿದರೆ ಆ ಸಕ್ಕರೆ ಕಡಿಮೆಯಾಗುತ್ತದೆ. ಮೊಳಕೆ ಹುರುಳಿ ಸಾರನ್ನು ಕಂಡುಹಿಡಿದ ಅಜ್ಜಿಯರಿಗೆ ರಾಫಿನೋಸ್ ಹೆಸರು ಬೇಕಾಗಿರಲಿಲ್ಲ.

ವಾಯು ಮುಜುಗರವೇ ಸರಿ, ಆದರೆ ಹುದುಗಿನ ಅಸಲು ಫಲ ಬೇರೆ ಇದೆ. ನಾರನ್ನು ಬಿಡಿಸುವ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಪುಟ್ಟ ಆಮ್ಲವನ್ನು ಕೊಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ತಮ್ಮ ಶಕ್ತಿಯಲ್ಲಿ ಶೇಕಡ 70ರಷ್ಟನ್ನು ಅದನ್ನು ಸುಟ್ಟೇ ಪಡೆಯುತ್ತವೆ. ಸುಡುವಾಗ ಅಲ್ಲಿನ ಆಮ್ಲಜನಕ ಖರ್ಚಾಗುತ್ತದೆ. ಗಾಳಿ ಸೋಕಬಾರದ ಆ ನೇಕಾರರಿಗೆ ಬೇಕಾದದ್ದೂ ಅದೇ. ಗೋಡೆ ಅವರಿಗೆ ಮನೆ ಕಾಪಾಡುತ್ತದೆ, ಅವರು ಗೋಡೆಗೆ ಅನ್ನ ಕೊಡುತ್ತಾರೆ.

ಈ ಕೆರೆಯೊಳಗೂ ಮೇಲು ಕೆಳಗು ಉಂಟು. ನಾರು ಮೊದಲು ಸಿಗುವುದು ಬಲಭಾಗದ ಕರುಳಿಗೆ, ಹುದುಗು ಜೋರಾಗಿ ಅಲ್ಲಿ ಹುಳಿ ಹೆಚ್ಚು. ಎಡಭಾಗಕ್ಕೆ ಬರುವಾಗ ನಾರು ತೀರಿ, ಬ್ಯಾಕ್ಟೀರಿಯಾಗಳು ಉಳಿದ ಪ್ರೋಟೀನಿಗೆ ಬಾಯಿ ಹಾಕುತ್ತವೆ. ಅದರಿಂದ ಅಮೋನಿಯಾದಂಥ ಕಸ ಹುಟ್ಟುತ್ತದೆ. ನಾರು ತೀರಾ ಇಲ್ಲವಾದರೆ ಏನಾಗುತ್ತದೆ ಎಂದು 2016ರಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದಾಗ, ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ಕೆರೆದು ತಿಂದವು. ನೀರು ಕಾಣದ ಕೊನೆಗದ್ದೆಯವನು ಬದುವನ್ನೇ ಅಗೆದಂತೆ.

ಹೊಸತೊಡಕಿನ ಮಧ್ಯಾಹ್ನ ಊಟದ ತಟ್ಟೆ ಬರುತ್ತದೆ. ಬಾಡಿನ ಸಾರು, ಬೋಟಿ ಗೊಜ್ಜು, ಬಿಸಿ ಮುದ್ದೆ. ಸಾರಿನ ಮಾಂಸ, ಕೊಬ್ಬು ಮೇಲಿನ ಗದ್ದೆಗಳಲ್ಲಿ ಇಂಗುತ್ತವೆ. ಮುದ್ದೆಯ ಒಂದು ಪಾಲು ಹರಿದು ಹರಿದು ಕೊನೆಗದ್ದೆ ಮುಟ್ಟುತ್ತದೆ. ಬೆಳಿಗ್ಗೆ ಮರದಡಿ ಸೊಪ್ಪಿನ ಮೇಲೆ ಅಷ್ಟು ಸಮವಾಗಿ ಗುಡ್ಡೆ ಹಾಕಿದ ಕೈಗಳು ಈ ತಟ್ಟೆಯಲ್ಲೂ ಪಾಲು ತಪ್ಪಿಸಿಲ್ಲ. ಸಾರು ಚೆನ್ನಾಗಿದೆ ಎಂದು ಮುದ್ದೆ ಬಿಟ್ಟು ಎರಡನೆಯ ಸಲ ಅನ್ನಕ್ಕೆ ಕೈಚಾಚಿದಾಗಷ್ಟೇ ಕೊನೆಯವನ ಗುಡ್ಡೆ ಸಣ್ಣದಾಗುತ್ತದೆ.